ಒಗೆಯುವ ಕಲ್ಲು ಬಾಯ್ಬಿಟ್ಟಾಗ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಿತ್ತಿಲುಗಳ ಸಮಸ್ತ ಒಗೆಯುವ ಕಲ್ಲುಗಳ ಪರವಾಗಿ ಹಿರಿಯ ಕರಿಕಲ್ಲೊಂದು ಮಾತಿಗೆ ಸಿಕ್ಕಿತು. ಮೈಮೇಲೆ ಹಲಸಿನ ಹಪ್ಪಳ ಒಣಗುತ್ತಿದ್ದುದರಿಂದ ಅದಕ್ಕೆ ಪುರುಸೊತ್ತಿತ್ತು.

ಮಷಿನ್ ಬಂದ ಮೇಲೆ ನೀರು ಪೋಲು. ನಿಮ್ಮ ಕಾಲವೇ ಚೆನ್ನಾಗಿತ್ತಲ್ಲವೆ?

ಸುಮ್ಮನೆ ಹೊಗಳಬೇಡಿ. ಬಾವಿಯಿಂದ ಸೇದುತ್ತಿದ್ದವರ ರಟ್ಟೆಗೆ ನೀರಿನ ಲೆಕ್ಕ ಗೊತ್ತಿತ್ತು, ಅಷ್ಟೆ. ನನ್ನ ನೆತ್ತಿಯ ಮೇಲೆ ನಳ್ಳಿ ಕೂರಿಸಿದ ದಿನ ಆ ಲೆಕ್ಕ ತಪ್ಪಿತು. ನಿಮಿಷಕ್ಕೆ 10 ಲೀಟರ್ ಬಿಡುವ ನಳ್ಳಿ ಕಾಲು ಗಂಟೆ ತೆರೆದಿದ್ದರೆ 150 ಲೀಟರ್ ತೋಡಿಗೆ. ಎದುರು ಬಾಗಿಲಿನ ಮಷಿನ್ ತುಂಬು ಹೊರೆಯನ್ನು 50–60 ಲೀಟರಿನಲ್ಲಿ ಮುಗಿಸೀತು; ಡ್ರಮ್ಮು ಅಡ್ಡ ಮಲಗಿ ಉರುಳುವುದರಿಂದ ಬಟ್ಟೆ ಪೂರ್ತಿ ಮುಳುಗಬೇಕಿಲ್ಲ. ಮೇಲ್ಬಾಗಿಲಿನದ್ದು ಸುಮಾರು ಅದರ ದುಪ್ಪಟ್ಟು ಕುಡಿಯುತ್ತದೆ. ಒಂದು ಅಂಗಿ, ಒಂದು ಬೈರಾಸು ಹಾಕಿ ಗುಂಡಿ ಒತ್ತುವ ಮನೆಯಲ್ಲಿ ಯಾವುದಿದ್ದೂ ಪ್ರಯೋಜನವಿಲ್ಲ. ನೀರು ಹೆಚ್ಚು ಹೋಗುವುದು ಜಾಲಾಡುವಾಗ. ಮುಷ್ಟಿಗಟ್ಟಲೆ ಪೌಡರ್ ಸುರಿದು ನೊರೆ ಎಬ್ಬಿಸುವುದು, ಆಮೇಲೆ ಆ ನೊರೆಯನ್ನು ಓಡಿಸಲು ಬಾವಿ ಬರಿದು ಮಾಡುವುದು! ಹಿಂಡಿದ ಬಟ್ಟೆಯಲ್ಲಿ 5 ಲೀಟರ್ ಸಾಬೂನು ನೀರು ಉಳಿದಿದೆ ಎನ್ನಿ. 30 ಲೀಟರಿನಲ್ಲಿ ಒಮ್ಮೆಲೇ ಜಾಲಾಡಿ ಹಿಂಡಿದರೆ ಸಾಬೂನಿನ 7ರಲ್ಲಿ ಒಂದು ಪಾಲು ಉಳಿಯುತ್ತದೆ. ಅದೇ ನೀರನ್ನು 10ರಂತೆ ಮೂರು ಸಲ ಬಳಸಿ, ಪ್ರತಿ ಸಲವೂ ಹಿಂಡಿದರೆ 27ರಲ್ಲಿ ಒಂದು.

ವರ್ಷಕ್ಕೆ ಹೆಚ್ಚುಕಡಿಮೆ 4 ಮೀಟರ್ ಮಳೆ ಹೊಯ್ಯುವ ಸೀಮೆಗೆ ಇಷ್ಟು ಜಿಪುಣತನ ಯಾಕೆ?

ಹೊಯ್ಯುವುದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಟ್ಟೆ ಕೊಳೆಯಾಗುವುದು ಹನ್ನೆರಡು ತಿಂಗಳು. ಮುರಕಲ್ಲಿನ ಗುಡ್ಡ ಕುಡಿದ ನೀರನ್ನು ಹಿಡಿದಿಡದೆ ಬುಡದಲ್ಲಿ ಬಿಟ್ಟುಕೊಡುತ್ತದೆ, ನೇತ್ರಾವತಿ ಅದನ್ನು ಕಡಲಿಗೆ ಮುಟ್ಟಿಸುತ್ತದೆ. 2019ರ ಬೇಸಗೆಯಲ್ಲಿ ಇದೇ ಬಂಟ್ವಾಳ ತಾಲೂಕಿನ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರಿಳಿದು ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2023ರಲ್ಲೂ ಅದೇ ಕತೆ. ಮೂಡುಬಿದಿರೆಗೆ 18 ಬಸದಿಗಳ ಜೊತೆ 18 ಕೆರೆಗಳ ಊರೆಂಬ ಹೆಸರೂ ಇದೆ. ಇಷ್ಟೇ ಮಳೆಯಲ್ಲಿ ನೆನೆದವರು ಅಷ್ಟೊಂದು ಕೆರೆ ತೋಡಿದ್ದು ಈಜಾಡುವುದಕ್ಕೇನು?

ಒಗೆದ ನೀರು ಹೇಗೂ ತೋಟಕ್ಕೇ ಹೋಗುತ್ತದಲ್ಲ?

ಕೊನೆಯ ಜಾಲಾಟದ ನೀರು ತೆಂಗಿನ ಬುಡಕ್ಕೆ ಹೋಗಲಿ. ನಾಳೆಯ ಬಟ್ಟೆ ನೆನೆಸಲು ಬಕೆಟಿನಲ್ಲಿ ಉಳಿದರೆ ಇನ್ನೂ ಲೇಸು. ಮೊದಲ ಸಾಬೂನು ನೀರನ್ನು ಮಾತ್ರ ಬಸಳೆ ಚಪ್ಪರದತ್ತ ತಿರುಗಿಸಬೇಡಿ, ಅದರ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ. ಅಂದಹಾಗೆ, ನಿಮ್ಮ ಪೈಪು ಹೋಗಿ ಮುಟ್ಟುವುದು ಒಂದೇ ಬಾಳೆಯ ಬುಡವನ್ನು. ತೋಟ ಎಂದದ್ದು ಅದಕ್ಕೇನಾ?