ವರೋವಾ ನುಸಿಯಮ್ಮನವರ ಸನ್ನಿಧಿಗೆ

ಮಾತೃಶ್ರೀ ಸಮಾನರಾದ ವರೋವಾ ನುಸಿಯಮ್ಮನವರಿಗೆ, ರೋಹಿಣಿಯಲ್ಲಿ ನೆಲೆಸಿ ಬವಾನಾದಾಚೆ ಸಾಸಿವೆ ಹೊಲದ ಬದಿಯಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡಿರುವ ಕನ್ನಡಿಗನ ಸಾಷ್ಟಾಂಗ ನಮಸ್ಕಾರಗಳು. ತಾವು ಸಕುಟುಂಬ ಕ್ಷೇಮವೆಂಬುದು ಪೆಟ್ಟಿಗೆಯ ಅಡಿಹಲಗೆ ನೋಡಿದಾಗಲೇ ತಿಳಿಯಿತು.

ನಮ್ಮ ತುಡುವೆ ಜೇನಿನ ಮನೆಯಲ್ಲಿ ತಾವು ಎಷ್ಟು ಸಂಯಮದಿಂದಿದ್ದಿರಿ! ಗಂಡುಮರಿಗಳ ಕೋಶ ಬಿಟ್ಟು ಬೇರೆಡೆ ಸಂಸಾರ ಹೂಡುತ್ತಿರಲಿಲ್ಲ. ಮೈಮೇಲೆ ಕೂತ ತಮ್ಮನ್ನು ತುಡುವೆಗಳು ಹುಡುಕಿ ಕಚ್ಚಿ ಎಸೆಯುತ್ತಿದ್ದವು. 1962ರಲ್ಲಿ ಈಗಿನ ಹಿಮಾಚಲದ ನಗ್ರೋಟಾ ಬಗ್ವಾನ್‌ನಲ್ಲಿ ಮೆಲ್ಲಿಫೆರಾ ಜೇನನ್ನು ತಂದು ನೆಲೆಗೊಳಿಸಿದವರು ನಾವೇ. ಆ ಪರದೇಶಿ ಹುಳುವಿಗೆ ತಮ್ಮನ್ನು ತಡೆಯುವ ವಿದ್ಯೆ ಅಷ್ಟಾಗಿ ಬಾರದು. ತಾವೋ, ಕೆಲಸಗಾರ ಜೇನಿನ ತೊಟ್ಟಿಲಿಗೂ ಕಾಲಿಟ್ಟು ನಮ್ಮನ್ನು ಅನುಗ್ರಹಿಸಿದಿರಿ.

ಮೊನ್ನೆ ಮುಚ್ಚಿದ ಕೋಶವೊಂದನ್ನು ಚಿಮಟದಿಂದ ತೆರೆದೆ. ಬಿಳಿಯ ಮರಿಯ ಹೊಟ್ಟೆಗೆ ಅಂಟಿಕೊಂಡು ಕಂದುಗೆಂಪು ಬಣ್ಣದ ತಾವು, ಪಕ್ಕದಲ್ಲಿ ಮಸುಕು ಬಣ್ಣದ ತಮ್ಮ ಮಕ್ಕಳು. ಮೇಣದ ಮುಚ್ಚಳ ಬೀಳುವ ಮುನ್ನವೇ ಒಳಸೇರಿ, ಮೊದಲು ಗಂಡು, ಆಮೇಲೆ ಹೆಣ್ಣುಗಳನ್ನು ಹೆತ್ತು, ಒಡಹುಟ್ಟಿದವರ ಮದುವೆಯನ್ನೂ ಅಲ್ಲೇ ಮುಗಿಸುವ ತಮ್ಮ ದಕ್ಷತೆಗೆ ಕೈಮುಗಿಯಲೇಬೇಕು. ತಾವು ರಕ್ತ ಹೀರುವವರೆಂದು ಬಹುಕಾಲ ನಂಬಿದ್ದೆವು. ಬೆಳೆದ ಜೇನಿನ ಮೈಯ ಕೊಬ್ಬಿನ ಅಂಗಾಂಶವೇ ತಮಗೆ ಮುಖ್ಯ ನೈವೇದ್ಯವೆಂದು 2019ರಲ್ಲಿ ಸ್ಯಾಮ್ಯುಯೆಲ್ ರಾಮ್ಸೆ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಜೇನಿಗೆ ರೋಗ ತಾಳುವ ಶಕ್ತಿಗೂ ಅದು ಆಧಾರ. ಉಂಡ ಮನೆಗೆ ರೆಕ್ಕೆ ಮುರುಟಿಸುವ ವೈರಸ್ಸಿನ ಉಡುಗೊರೆ ಬೇರೆ. ಹಾಗೆ ಹುಟ್ಟಿದ ಜೇನುಗಳು ಹಾರಲಾರದೆ ಪೆಟ್ಟಿಗೆಯ ಬಾಗಿಲಲ್ಲಿ ತೆವಳುವಾಗ ನನ್ನ ಕರುಳು ಚುರುಕ್ಕೆನ್ನುತ್ತದೆ, ಅಮ್ಮಾ.

ತಮ್ಮ ಸಂಚಾರಪ್ರೀತಿಗೂ ಋಣಿಗಳು. ಸಾಸಿವೆ ಹೂ ಮುಗಿದು ಪೆಟ್ಟಿಗೆಗಳು ಲಾರಿ ಹತ್ತಿದರೆ ತಾವೂ ಹತ್ತುತ್ತೀರಿ. ಬಡವಾದ ಗೂಡನ್ನು ದೋಚಲು ನೆರೆಯ ಜೇನು ಬಂದರೆ ಅದರ ಬೆನ್ನೇರಿ ಹೊಸ ಮನೆ ಸೇರುತ್ತೀರಿ.

ನುಸಿನಾಶಕ ಫ್ಲುವಾಲಿನೇಟ್ ಪಟ್ಟಿಯನ್ನು ಮತ್ತೆ ಮತ್ತೆ ನೇತುಹಾಕಿ ಸತ್ಕರಿಸಿದ ಎಷ್ಟೋ ದೇಶಗಳಲ್ಲಿ ಅದನ್ನೂ ಅರಗಿಸಿಕೊಂಡಿರಿ. ಫಾರ್ಮಿಕ್ ಆಮ್ಲದ ಆವಿ ಮುಚ್ಚಳದೊಳಕ್ಕೂ ಇಳಿಯುತ್ತದೆ, ನಿಜ. ದಿಲ್ಲಿಯ ಮೇ ತಿಂಗಳ ಬಿಸಿಲಲ್ಲಿ ಅದು ರಾಣಿಗೇ ಮುಳುವಾದೀತು. ಹೀಗೆ ನಮ್ಮ ಕೈಕಟ್ಟಿ ಹಾಕುವ ಕಾಲವನ್ನೂ ತಾವು ಬಲ್ಲಿರಿ.

ಆದ್ದರಿಂದ ವಿನಮ್ರ ಬಿನ್ನಹ: ಗಂಡುಮರಿಗಳ ಕೋಶವೇ ತಮಗೆ ಹೆಚ್ಚು ಪ್ರಿಯವಲ್ಲವೇ? ಅದಕ್ಕೆಂದೇ ಪ್ರತಿ ಪೆಟ್ಟಿಗೆಯಲ್ಲೂ ಒಂದು ಎರಿ ಮೀಸಲಿಟ್ಟಿದ್ದೇವೆ. ದಯವಿಟ್ಟು ಬಂಧುಬಳಗ ಸಮೇತ ಅಲ್ಲಿಗೇ ಚಿತ್ತೈಸಬೇಕು. ಮುಚ್ಚಳ ಬಿದ್ದ ಮೇಲೆ, ಮರಿಗಳು ಹೊರಬರುವ ಮೊದಲು, ಆ ಎರಿಯನ್ನು ಕತ್ತರಿಸಿ ತೆಗೆಯುವ ಸೇವೆ ನನ್ನದು.

ಇತಿ ತಮ್ಮ ವಿಧೇಯ,
ರೋಹಿಣಿಯ ಜೇನು ಸಾಕಣೆದಾರ