ಮೋರಿ ಕಟ್ಟಿದಾಗ ಕರೆಯುವ ಹೆಸರು

ಗಂಡಸಿಯ ಕಡೆ ಮದುವೆ ಊಟದ ಹೊತ್ತಿಗೆ ಕೈ ತೊಳೆಯುವಲ್ಲಿ ಮೋರಿ ಕಟ್ಟಿಕೊಂಡರೆ, ಗಂಡಸರಿಗೆಲ್ಲ ಒಟ್ಟಿಗೇ ಫೋನ್ ಬರುತ್ತದೆ. ಒಬ್ಬ ಮಾತ್ರ ಪಂಚೆ ಎತ್ತಿಕಟ್ಟಿ ಕೋಲು ಹುಡುಕುತ್ತಾನೆ. ಅವನನ್ನು ಏನೆನ್ನೋಣ? ‘ಸ್ವಯಂಸೇವಕ’ ಎನ್ನಲು ಎದೆಗೆ ಬ್ಯಾಡ್ಜು ಬೇಕು. ‘ಮುಂದಾಳು’ ಎಂದರೆ ನಾಳೆ ಓಟು ಕೇಳಿಯಾನು. ‘ಹುಂಬ’ ಎನ್ನಬಹುದು, ಆದರೆ ನೀರು ಹರಿದ ಮೇಲೆ.

ಹೊಯ್ಸಳರಿಗೆ ಈ ಪೇಚಿರಲಿಲ್ಲ. ಒಡೆಯನೊಂದಿಗೆ ಸಾಯುತ್ತೇನೆಂದು ಆಣೆಯಿಟ್ಟವನು ‘ಗರುಡ’. ಇಮ್ಮಡಿ ವೀರಬಲ್ಲಾಳನ ಕುವರ ಲಕ್ಷ್ಮ ಅಂಥವನು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಅವನ ನೆನಪಿನ ಗರುಡಗಂಬವೇ ಇದೆ. ನಮ್ಮ ಮೋರಿವೀರನಿಗೆ ಕಂಬವಿರಲಿ, ಕೊನೇ ಪಂಕ್ತಿಯಲ್ಲಿ ಹೋಳಿಗೆ ಉಳಿದಿದ್ದರೆ ಪುಣ್ಯ.

ಅವನ ಹೆಂಡತಿ ಮಾತ್ರ ಪದಕ್ಕೆ ತಡಕಾಡುವುದಿಲ್ಲ: “ಊರಿಗೆ ಉಪಕಾರಿ, ಮನೆಗೆ ಮಾರಿ! ನಮ್ಮನೆ ಬಚ್ಚಲು ಕಟ್ಟಿ ವಾರ ಆಯ್ತು.”