ಪ್ಲಗಿನ್ ಪರಿವಾರ

ಸ್ವಂತ ಜಾಲತಾಣ ಇಟ್ಟುಕೊಂಡವನಿಗೆ ಬರೆಯಲು ಪುರುಸೊತ್ತು ಇರುವುದಿಲ್ಲ. ಭಾನುವಾರ ಬೆಳಗ್ಗೆ ಕೃಷ್ಣೆಯ ದಡದ ನಮ್ಮ ಭವಾನಿಪುರಂಗೆ ಬಂದ ಜನ ಪುನ್ನಮಿ ಘಾಟಿನಲ್ಲಿ ಭವಾನಿ ದ್ವೀಪದ ದೋಣಿ ಹತ್ತುವ ಹೊತ್ತಿಗೆ ನಾನು ತಾಣ ನಡೆಸುವ ವರ್ಡ್‌ಪ್ರೆಸ್ಸಿನ ಡ್ಯಾಶ್‌ಬೋರ್ಡ್ ಮುಂದೆ ಕೂತಿರುತ್ತೇನೆ. ಅಂಚಿನ ಪಟ್ಟಿಯಲ್ಲೊಂದು ಬೊಟ್ಟು, ಬೊಟ್ಟಿನೊಳಗೊಂದು ಅಂಕಿ. ಅಷ್ಟು ಪ್ಲಗಿನ್‌ಗಳಿಗೆ ಹೊಸ ಆವೃತ್ತಿ ಬಂದಿದೆ ಎಂದರ್ಥ. ಟಿಕ್ ಹಾಕಿ ಒತ್ತಿದರೆ ಬೊಟ್ಟು ಮಾಯ. ಒಂದು ಪ್ರಬಂಧ ಬರೆದು ಮುಗಿಸಿದಷ್ಟೇ ಸಮಾಧಾನ. ಪ್ರಬಂಧವೊಂದು ಇಲ್ಲ, ಅಷ್ಟೆ.

ಬೇಕಿದ್ದದ್ದು ಬರೆದದ್ದು ನಾಲ್ಕು ಜನಕ್ಕೆ ಕಾಣುವುದು ಮಾತ್ರ. ಆದರೆ ಕಸ ತಡೆಯಲು ಒಂದು ಪ್ಲಗಿನ್ ಬಂತು, ನಕಲು ತೆಗೆದಿಡಲು ಒಂದು, ಪುಟ ಬೇಗ ತೆರೆಯಲು ಇನ್ನೊಂದು. ಇಷ್ಟೆಲ್ಲ ಸೇರಿ ತಾಣ ತೆವಳತೊಡಗಿದಾಗ, ಯಾವುದರಿಂದ ತೆವಳುತ್ತಿದೆ ಎಂದು ಪತ್ತೆ ಹಚ್ಚುವ ಪ್ಲಗಿನ್ನೂ ಬಂದು ಸೇರಿಕೊಂಡಿತು. ‘ಹಲೋ ಡಾಲಿ’ ಎಂಬುದು ವರ್ಡ್‌ಪ್ರೆಸ್ ಜೊತೆಗೇ ಬರುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಹಾಡಿನ ಒಂದೊಂದು ಸಾಲನ್ನು ಮೂಲೆಯಲ್ಲಿ ತೋರಿಸುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಇಡೀ ಪರಿವಾರದಲ್ಲಿ ನನಗೆ ಗೌರವವಿರುವುದು ಅದರ ಮೇಲೊಂದೇ.

2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 5.0 ಬಂದು ಬರೆಯುವ ಜಾಗವನ್ನೇ ಬದಲಿಸಿತು. ಹೆಸರು ಗುಟೆನ್‌ಬರ್ಗ್. ಒಂದೊಂದು ಪ್ಯಾರಾವೂ ಒಂದೊಂದು ಬ್ಲಾಕ್. ಬೇಡ, ಮೊದಲಿನದೇ ಇರಲಿ ಎನ್ನುವ ನನ್ನಂಥವರಿಗಾಗಿ ‘ಕ್ಲಾಸಿಕ್ ಎಡಿಟರ್’ ಎಂಬ ಪ್ಲಗಿನ್ ಕೊಟ್ಟರು. ಹಳೆಯದನ್ನು ಹಳೆಯದಾಗಿಯೇ ಉಳಿಸುವ ಈ ಪ್ಲಗಿನ್ನಿಗೂ ಆಗಾಗ ಹೊಸ ಆವೃತ್ತಿ ಬರುತ್ತದೆ.

ಅಪ್‌ಡೇಟ್ ನಡೆಯುವಾಗ ತಾಣಕ್ಕೆ ಬಂದವರಿಗೆ, ಸ್ವಲ್ಪ ಕೆಲಸ ನಡೆದಿದೆ, ಒಂದು ನಿಮಿಷ ಬಿಟ್ಟು ಬನ್ನಿ ಎಂಬ ಒಕ್ಕಣೆ ಕಾಣುತ್ತದೆ. ನಡುವೆ ಕರೆಂಟು ಹೋಗಿಯೋ ಸರ್ವರ್ ಮುನಿಸಿಕೊಂಡೋ ಕೆಲಸ ನಿಂತರೆ ಆ ಒಕ್ಕಣೆ ಹಾಗೇ ಉಳಿಯುತ್ತದೆ, ಆದರೆ ಹತ್ತು ನಿಮಿಷ ಕಳೆದ ಮೇಲೆ ವರ್ಡ್‌ಪ್ರೆಸ್ ತಾನೇ ಅದನ್ನು ಕಡೆಗಣಿಸುತ್ತದೆ. ‘ಊಟದ ವಿರಾಮ’ ಎಂದು ಕಚೇರಿಗಳಲ್ಲಿ ನೇತುಹಾಕುವ ಬೋರ್ಡಿಗೆ ಇಷ್ಟು ಮರ್ಯಾದೆ ಇದ್ದದ್ದು ನಾನು ಕಂಡಿಲ್ಲ.

ಇಷ್ಟೊಂದು ಆರೈಕೆ ಯಾಕೆ ಎಂದರೆ, ನೋಡಿಕೊಳ್ಳದೆ ಬಿಟ್ಟದ್ದರ ಗತಿ ಕನ್ನಡದವರಿಗೆ ಗೊತ್ತು. ಯೂನಿಕೋಡ್‌ಗೆ ಮುಂಚೆ ನುಡಿ, ಬರಹ ಫಾಂಟುಗಳಲ್ಲಿ ಹಾಕಿದ ಎಷ್ಟೋ ಪುಟಗಳು ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವರ್ಡ್‌ಪ್ರೆಸ್ ಹುಟ್ಟಿದ್ದೂ ಹೀಗೇ. ಬಿ2 ಎಂಬ ತಂತ್ರಾಂಶವನ್ನು ಬರೆದವರು ಅದನ್ನು ಬಿಟ್ಟು ಎತ್ತಲೋ ಹೋದಾಗ ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಎತ್ತಿಕೊಂಡು 2003ರ ಮೇ ತಿಂಗಳಲ್ಲಿ ಹೊಸ ಹೆಸರಿಟ್ಟರು.

ನೋಡಿಕೊಳ್ಳುವವರು ಬೇಕಾದದ್ದು ತಂತ್ರಾಂಶಕ್ಕೆ ಮಾತ್ರವಲ್ಲ, ಅಣೆಕಟ್ಟಿಗೂ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಳಚಿ ಗೇಟು ಕೊಚ್ಚಿಹೋಯಿತಲ್ಲ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಅದನ್ನು ಮುಚ್ಚಿಸಿದವರು ಎಂಬತ್ತರ ಆಸುಪಾಸಿನ ಗೇಟು ತಜ್ಞ ಕನ್ನಯ್ಯ ನಾಯ್ಡು. ಮುಂದಿನ ತಿಂಗಳು ಕೃಷ್ಣೆಗೆ 11 ಲಕ್ಷ ಕ್ಯೂಸೆಕ್ ಮೀರಿದ ನೆರೆ ಬಂದು, ದೋಣಿಗಳು ತೇಲಿ ನಮ್ಮ ಪ್ರಕಾಶಂ ಬ್ಯಾರೇಜಿಗೆ ಬಡಿದು ಗೇಟುಗಳ ತೂಕದ ದಿಮ್ಮಿ ಮುರಿದಾಗಲೂ ಅವರೇ ಬಂದರು. 70 ಗೇಟುಗಳ ಬ್ಯಾರೇಜು ಅದು. ನನ್ನ ಪ್ಲಗಿನ್ ಪಟ್ಟಿ ಅಷ್ಟುದ್ದ ಬೆಳೆದಿಲ್ಲ.

ಆಗ ಹೊಸಪೇಟೆಯ ದೊಡ್ಡಪ್ಪನ ಮಗ ಫೋನು ಮಾಡಿದ: “ನಮ್ ಡ್ಯಾಮಿನ ಗೇಟು ಕೂಡ್ಸಿದವರೇ ನಿಮ್ಮೂರಿಗೂ ಬಂದಾರಂತಲ್ಲೋ! ಅದರ ಮ್ಯಾಲೆ ಏನಾರ ಬರ್ದ್ಯೇನು?”

“ಬರೆಯೋಣ ಅಂತಲೇ ಕೂತಿದ್ದೆ ಅಣ್ಣ. ಅಷ್ಟರಲ್ಲಿ ಎಡಿಟರ್‌ಗೆ ಅಪ್‌ಡೇಟ್ ಬಂತು.”

“ಅಲ್ಲೋ, ಅಷ್ಟೊಂದು ಪ್ಲಗಿನ್ ಹಾಕೀನಿ ಅಂತಿ,” ಎಂದ, “ಬರೆಯೋದು ಒಂದು ಸಿಗಲಿಲ್ಲೇನು?”